ಲಾಭ, ಎರಡು, ಮೂರು

ಹಲಗೆಯ ಮೇಲೆ 'ಲಾಭ' ಎಂದು ಬರೆದು, ಇದರ ಅರ್ಥ ಯಾರು ಹೇಳುತ್ತೀರಿ ಎಂದು ಕೇಳಿದೆ. ಶಿಕಾರಿಪುರದ ಮೇದಾರ ಕೇರಿಯ ಹೆಂಗಸರು ಚಾಪೆಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಗೊತ್ತಿಲ್ಲದ ಮುಖಗಳಲ್ಲ ಅವು. ಇಷ್ಟು ಸಣ್ಣ ಪ್ರಶ್ನೆಗೆ ಬಾಯಿ ಬಿಟ್ಟರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎನ್ನುವ ಮುಖಗಳು. ಕೊನೆಗೆ ಗುಂಪಿನ ಅಧ್ಯಕ್ಷೆ ಹೇಳಿದರು. ವಯಸ್ಸಾಗುತ್ತಿದ್ದ, ಬೆರಳುಗಳ ತುಂಬ ಬಿದಿರಿನ ಹಳೆಯ ಗೀರುಗಳಿದ್ದ ಹೆಂಗಸು.

"ಲಾಭ ಅಂದ್ರ ಒಂದು ರೀ."

ನಾನು ನಕ್ಕೆ. ಅವರೂ ನಕ್ಕರು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಕ್ಕೆವು ಎಂದು ತಿಳಿಯಲು ನನಗೆ ಕೆಲವು ವಾರ ಬೇಕಾಯಿತು.

ಆಗ ಹೊರಗೆ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಬರುತ್ತಿರಲಿಲ್ಲವೇನೋ. ನೆನಪು ಮಸುಕಾದ ಕಡೆಯಲ್ಲೆಲ್ಲ ನನ್ನ ಮನಸ್ಸು ಮಳೆ ಸುರಿಸಿ ಜಾಗ ತುಂಬಿಸಿಕೊಳ್ಳುತ್ತದೆ. ಖಚಿತವಾಗಿ ಉಳಿದಿರುವುದು ಆ ಒಂದು ಮಾತು, ಮತ್ತು ಅದನ್ನು ತಪ್ಪು ಉತ್ತರವೆಂದು ನಾನು ಮುಂದಿನವರ ಕಡೆ ತಿರುಗಿದ್ದು.

ನನ್ನ ಕೆಲಸ ಹೀಗಿತ್ತು. ಪರಿಶಿಷ್ಟ ಪಂಗಡದ ಕಸುಬುದಾರರು ಸ್ವಂತ ವ್ಯಾಪಾರ ಕಟ್ಟಲು ನೆರವಾಗುತ್ತಿದ್ದ ಒಂದು ಸಂಸ್ಥೆ ಶಿರಾಳಕೊಪ್ಪದಿಂದ ಸ್ವಲ್ಪ ದೂರದಲ್ಲಿ, ರಸ್ತೆ ಬದಿಗೆ, ಒಂದು ಶೆಡ್ಡು ಕಟ್ಟಿಸಿತ್ತು. ಹಿಂದೆ ಕೆಲಸ ಮಾಡಲು ಉದ್ದನೆಯ ಹಜಾರ, ಮುಂದೆ ಮಾರಾಟಕ್ಕೆ ಮಳಿಗೆ, ಪಕ್ಕದಲ್ಲಿ ನೀರಿನ ತೊಟ್ಟಿ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಂದ ಒಂದೊಂದು ಗುಂಪನ್ನು ಆರಿಸಿ, ಎರಡಕ್ಕೂ ಹಣಕಾಸಿನ ಪಾಠ ಹೇಳಿ, ಆಮೇಲೆ ಆಯ್ಕೆ ಸಮಿತಿಯ ಮುಂದೆ ನಿಲ್ಲಿಸಬೇಕು. ವ್ಯವಹಾರ ತಿಳಿದವರು ಎಂದು ಸಮಿತಿಗೆ ಅನ್ನಿಸಿದ ಗುಂಪಿಗೆ ಶೆಡ್ಡು. ಎರಡೂ ಕಡೆ ಪಾಠ ಹೇಳುವವಳು ನಾನೊಬ್ಬಳೇ.

ಸೊರಬದ ಗುಂಪು ಕುಬಟೂರಿನಿಂದಾಚೆಯ ಹಸಲರ ಹಾಡಿಯದು. ಕಾಡಿನ ಸೀಗೆ, ಅಂಟುವಾಳ, ಜೇನು ತಂದು ಪುಡಿ ಮಾಡಿ, ಸೋಸಿ, ಡಬ್ಬಿಗೆ ತುಂಬಿ ಮಾರುತ್ತಿದ್ದರು. ಶೆಡ್ಡು ಸಿಕ್ಕರೆ ಅವರ ವ್ಯಾಪಾರ ದೊಡ್ಡದಾಗುತ್ತಿತ್ತು. ಮೇದಾರ ಕೇರಿಯವರ ವಿಷಯ ಹಾಗಿರಲಿಲ್ಲ. ಅವರು ತಲೆಮಾರುಗಳಿಂದ ರಸ್ತೆ ಪಕ್ಕದಲ್ಲಿ, ಈಗ ಟಾರ್ಪಾಲಿನ ಕೆಳಗೆ, ಕೂತು ಮೊರ, ಬುಟ್ಟಿ, ತಟ್ಟಿ ಹೆಣೆಯುತ್ತಿದ್ದರು. ಆ ರಸ್ತೆ ಅಗಲವಾಗಲಿತ್ತು. ಅಳತೆ ಮಾಡಿದವರು ಮರಗಳಿಗೂ ಗೋಡೆಗಳಿಗೂ ಕೆಂಪು ಬಣ್ಣದ ಗೆರೆ ಎಳೆದು ಹೋಗಿದ್ದರು. ಹೆಂಗಸರು ಕೂರುವ ಜಾಗ ಗೆರೆಯ ಒಳಗಿತ್ತು. ಅಲ್ಲಿ ಚರಂಡಿ ಬರುತ್ತದೆ. ಮನೆಯೊಳಗೆ ಕೂತು ಮಾಡಬಹುದಲ್ಲ ಎಂದು ಒಮ್ಮೆ ಕೇಳಿದೆ. ಅಧ್ಯಕ್ಷೆಯ ನಾದಿನಿ, ಆ ಕೇರಿಯಲ್ಲೇ ಹರಿತ ನಾಲಿಗೆಯವರು, ಉತ್ತರ ಕೊಟ್ಟರು.

"ಬಿದಿರು ಮನೀಗಿಂತ ಉದ್ದ ಐತಿ ಮೇಡಮ್ಮೋರೆ. ಅದನ್ನ ಒಳಗ ಮಲಗಿಸಿ ನಾವು ಹೊರಗ ಮಲಗ್ಬೇಕು."

ಜಾಗವಿಲ್ಲದಿದ್ದರೆ ಕಸುಬಿಲ್ಲ. ಕಸುಬಿಲ್ಲದಿದ್ದರೆ ಶುಂಠಿ ಹೊಲದ ಕೂಲಿ. ಕೇರಿಯ ಅರ್ಧದಷ್ಟು ಮನೆಗಳು ಆಗಲೇ ಆ ದಾರಿ ಹಿಡಿದಿದ್ದವು. ಮುಂಜಾನೆ ಟೆಂಪೋ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ಅಧ್ಯಕ್ಷೆ ಆ ಟೆಂಪೋ ಬಂದಾಗ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅವರ ಮಟ್ಟಿಗೆ ಸೋಲಿಗೆ ಇದ್ದ ರೂಪ ಆ ಟೆಂಪೋ.

ಪಾಠದ ಕ್ರಮವನ್ನು ಸಂಸ್ಥೆಯೇ ಗೊತ್ತುಮಾಡಿತ್ತು. ಹಲಗೆಯಲ್ಲಿ ಮೇಲಿಂದ ಕೆಳಕ್ಕೆ ಮೂರು ಮನೆ: ಖರ್ಚಾದದ್ದು, ಬಂದದ್ದು, ಕೊನೆಯಲ್ಲಿ ಲಾಭ. ಮೊದಲು ಕಚ್ಚಾ ಮಾಲಿನ ಬೆಲೆ, ಆಮೇಲೆ ಸಾಗಣೆ, ಆಮೇಲೆ ನಿಮ್ಮ ಕೂಲಿ, ಆಮೇಲೆ ಮಾರಾಟದ ಬೆಲೆ. ಕಳೆದರೆ ಉಳಿಯುವುದು ಲಾಭ. ಸೊರಬದಲ್ಲಿ ಇದು ಸಲೀಸಾಗಿ ಹೋಯಿತು. ಅಲ್ಲಿನ ಗುಂಪನ್ನು ನಡೆಸುತ್ತಿದ್ದ ಯುವತಿ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವಳು. ನಾನು ವಾಕ್ಯ ಮುಗಿಸುವ ಮೊದಲೇ ಮುಗಿಸುತ್ತಿದ್ದಳು. "ಗೊತ್ತಾಯ್ತು ಮೇಡಂ, ಮುಂದಿಂದು ಹೇಳಿ" ಎನ್ನುತ್ತಿದ್ದಳು.

ಶಿಕಾರಿಪುರದಲ್ಲಿ ಮೊದಲ ಅಡ್ಡಿ 'ಕೂಲಿ' ಎಂಬ ಸಾಲಿನಲ್ಲೇ ಬಂತು. ಅರಣ್ಯ ಇಲಾಖೆಯ ಡಿಪೋದಿಂದ ತಂದ ಬಿದಿರು ಹೇಳಿದರು, ಆಟೋ ಬಾಡಿಗೆ ಹೇಳಿದರು, ಮಚ್ಚು ಹರಿತ ಮಾಡಿಸಿದ್ದನ್ನು ಹೇಳಿದರು. ಗೆಣ್ಣು ಕೆತ್ತಿ, ಸೀಳಿ, ಸಿಬಿರು ಹೆರೆದು, ಹೆಣೆದು, ಅಂಚು ಕಟ್ಟುವ ತನಕದ ತಮ್ಮ ಕೆಲಸವನ್ನು ಯಾರೂ ಹೇಳಲಿಲ್ಲ. ನಾನು ಒತ್ತಾಯಿಸಿದೆ. ಅಧ್ಯಕ್ಷೆಗೆ ಬೇಸರವಾಯಿತು. ಕೂಲಿ ಎನ್ನುವುದು ಬೇರೆಯವರ ಹೊಲದಲ್ಲಿ ಮಾಡುವುದು, ನಮ್ಮ ಬಿದಿರಿಗೆ ನಾವು ಕೂಲಿಯವರಲ್ಲ ಎಂದರು. ಆ ಸಾಲನ್ನು ಖಾಲಿ ಬಿಟ್ಟು ಮುಂದೆ ಹೋದೆ. ಲಾಭದ ಮನೆಗೆ ಬಂದಾಗ ಎಲ್ಲರೂ ಒಂದೇ ಉತ್ತರ ಕೊಟ್ಟರು. ಒಂದು. ಯಾವ ಮಾಲಿಗೆ ಕೇಳಿದರೂ ಒಂದು. ಒಬ್ಬರದನ್ನು ನೋಡಿ ಒಬ್ಬರು ಹೇಳುತ್ತಿದ್ದಾರೆಂದು ಬೇರೆ ಬೇರೆ ಕೂರಿಸಿದೆ. ಆಗಲೂ ಒಂದು.

ವಾರಗಳು ಹೀಗೇ ಕಳೆದವು. ಬರುವವರ ಸಂಖ್ಯೆ ಇಳಿಯಿತು. ಸಂಯೋಜಕರು, ನನ್ನ ಮೇಲಿನ ಅಧಿಕಾರಿ, ಫೋನಿನಲ್ಲಿ ಶಿಕಾರಿಪುರದ್ದು ಎಲ್ಲಿಗೆ ಬಂತು ಎಂದು ಕೇಳುವುದನ್ನು ಬಿಟ್ಟರು. ಸೊರಬದ್ದು ಮಾತ್ರ ಕೇಳುತ್ತಿದ್ದರು.

ಗೌರಿ ಹಬ್ಬ ಹತ್ತಿರ ಬರುತ್ತಿದ್ದಾಗ ಹೆಂಗಸರು ಪಾಠಕ್ಕೆ ಬರುವುದು ಪೂರ್ತಿ ನಿಂತಿತು. ಬಾಗಿನಕ್ಕೆ ಜೊತೆ ಮೊರ ಬೇಕಲ್ಲ. ವರ್ಷದಲ್ಲಿ ಅವರಿಗೆ ಇರುವ ಒಂದೇ ಒಳ್ಳೆಯ ಕಾಲ ಅದು. ನಾನೇ ಕೇರಿಗೆ ಹೋಗಿ ಟಾರ್ಪಾಲಿನ ಕೆಳಗೆ ಕೂತೆ. ಅಧ್ಯಕ್ಷೆ ಮುಗಿದ ಮೊರಗಳನ್ನು ಹೊರೆ ಕಟ್ಟಲು ಎಣಿಸುತ್ತಿದ್ದರು. ನಾದಿನಿ ಒಂದೊಂದಾಗಿ ಎತ್ತಿಕೊಡುತ್ತಿದ್ದರು.

"ಲಾಭ. ಎರಡು. ಮೂರು. ನಾಕು."

ಮೊದಲನೆಯದಕ್ಕೆ ಅವರು ಒಂದು ಎನ್ನಲಿಲ್ಲ.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ 'ಲಾಭ' ಎಂದು ಹೇಳಿ, ಎರಡನೆಯದರಿಂದ ಎಣಿಕೆ ಮುಂದುವರಿಸುವ ಪದ್ಧತಿ ನಮ್ಮ ಕಡೆ ಇತ್ತು. ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ ಎಂದು ಈಗ ಅನ್ನಿಸುತ್ತದೆ: ಧೂಳು, ಗಂಡಸಿನ ಒಂದು ದನಿ, ಆ ಪದವನ್ನು ಎಳೆದು ಹೇಳುವ ರಾಗ. ಆದರೆ ಈ ನೆನಪು ಮೊದಲೇ ಇದ್ದಿದ್ದರೆ ಆ ಹೆಂಗಸರ 'ಒಂದು' ನನಗೆ ಮೊದಲ ದಿನವೇ ಅರ್ಥವಾಗಬೇಕಿತ್ತು. ಬಹುಶಃ ಅದು ಆ ಟಾರ್ಪಾಲಿನ ಕೆಳಗೆ ಹುಟ್ಟಿ, ಹಿಂದಕ್ಕೆ ನಡೆದುಹೋಗಿ ನನ್ನ ಬಾಲ್ಯದಲ್ಲಿ ಕೂತಿರಬೇಕು. ಕಣಗಳು ಹೋಗಿ ಅಡಿಕೆ ಬಂದಿದೆ. ಮೊರ ಕೊಟ್ಟು ಆಯವಾಗಿ ಕಾಳು ಪಡೆಯಲು ಕಣಕ್ಕೆ ಹೋಗುತ್ತಿದ್ದ ಈ ಕೇರಿಯಲ್ಲಿ ಮಾತ್ರ ಪದ ಉಳಿದಿತ್ತು.

ಎಣಿಸಿ ಮುಗಿದ ಮೇಲೆ ಅಧ್ಯಕ್ಷೆ 'ಲಾಭ' ಎಂದು ಕರೆದ ಆ ಮೊರವನ್ನು ಹೊರೆಗೆ ಸೇರಿಸಲಿಲ್ಲ. ಒಳಗೆ ಹೋಗಿ ಗೋಡೆಯ ಗೂಟಕ್ಕೆ ನೇತುಹಾಕಿ ಬಂದರು. ಯಾಕೆಂದು ಕೇಳಿದೆ.

"ಈ ಹೊರೆ ಬಿದಿರಿನಾಗ ಮೊದ್ಲು ಆದದ್ದು ಇದು. ಇದು ಮನೀದು. ಉಳಿದದ್ದು ಬಿದಿರಿಂದು, ಆಟೋದ್ದು, ಅಕ್ಕೀದು."

"ಇದನ್ನು ಮಾರೋದೇ ಇಲ್ಲವಾ?"

"ಎಲ್ಲಾ ಖಾಲಿ ಆದ ಮ್ಯಾಲ ಯಾರರ ಕೇಳಿದ್ರ ಕೊಡ್ತೀವಿ. ಇದಕ್ಕ ಚೌಕಾಸಿ ಇಲ್ಲ. ಬಂದದ್ದನ್ನ ಮುಟ್ಟಂಗಿಲ್ಲ."

ನನ್ನ ಹಲಗೆಯಲ್ಲಿ ಲಾಭ ಎಲ್ಲಕ್ಕಿಂತ ಕೆಳಗೆ, ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದು. ಇವರಲ್ಲಿ ಅದು ಎಲ್ಲಕ್ಕಿಂತ ಮೊದಲು ತೆಗೆದಿಡುವುದು. ಅದೇ ವಾರ ಹಲಗೆಯನ್ನು ಟಾರ್ಪಾಲಿನ ಕೆಳಗೇ ತಂದು ನಾನು ಪಾಠವನ್ನು ತಲೆಕೆಳಗು ಮಾಡಿದೆ. ಲಾಭವನ್ನು ಮೇಲಿನ ಮನೆಗೆ ತಂದೆ. ಮೊದಲು ಗೋಡೆಯ ಮೊರ. ಅದನ್ನು ಮುಟ್ಟದೆ ಬಿದಿರು, ಆಟೋ, ಅಕ್ಕಿ ಎಲ್ಲ ನಡೆಯಬೇಕಾದರೆ ಹೊರೆಯಲ್ಲಿ ಉಳಿದ ಮೊರಗಳಿಗೆ ಏನು ಬೆಲೆ ಹೇಳಬೇಕು? ಕೂಲಿ ಎಂಬ ಸಾಲನ್ನು ಅಳಿಸಿ 'ಮನೀದು' ಎಂದು ಬರೆದೆ. ಸದ್ದು ಶುರುವಾಯಿತು. ಅಲ್ಲಿಯವರೆಗೆ ನಾನು ಕೇಳಿರದ ಜಗಳದ ಸದ್ದು: ನೀನು ಕಳೆದ ಸಲ ಎಷ್ಟಕ್ಕೆ ಕೊಟ್ಟೆ, ನಿನ್ನಿಂದ ನನ್ನ ಗಿರಾಕಿ ಕೆಟ್ಟ, ಹಾಗೆ ಕೊಟ್ಟರೆ ಗೂಟದಲ್ಲಿರೋದೂ ಹೋಗುತ್ತದೆ. ಅವರಿಗೆ ಬೆಲೆ ಕಟ್ಟುವುದು ತಿಳಿಯಿತು ಎಂದು ನನಗೆ ತಿಳಿದದ್ದು ಆ ಜಗಳದಿಂದ.

ಹಬ್ಬದ ಮಾಲಿಗೆಂದು ಪ್ರತಿವರ್ಷ ಬರುವ ಸಗಟು ವ್ಯಾಪಾರಿ ಬಂದ ದಿನ ನಾನು ಅಲ್ಲಿಯೇ ಇದ್ದೆ. ಅವನು ಹಳೆಯ ಬೆಲೆ ಹೇಳಿ, ಹೊರೆಗಳನ್ನು ಗಾಡಿಗೆ ಎತ್ತಲು ಶುರುಮಾಡಿದ. ಅಧ್ಯಕ್ಷೆ ಹೊಸ ಬೆಲೆ ಹೇಳಿದರು. ಅವನು ಈಸೂರಿನ ಕಡೆ ಇನ್ನೂ ಕಡಿಮೆಗೆ ಸಿಗುತ್ತದೆ ಎಂದ. ಹೋಗು ಎಂದರು. ಅವನು ಹೋಗದೆ ನಿಂತ. ಆಗ ನಾದಿನಿ ಅಂಚು ಕಟ್ಟುತ್ತಲೇ, "ಹಬ್ಬ ಆದ ಮ್ಯಾಲ ಬಾ ಅಣ್ಣ, ಪುಕ್ಕಟೆ ಕೊಡ್ತೀವಿ. ಗೌರಿ ಇರಂಗಿಲ್ಲ, ಅಷ್ಟ" ಎಂದರು. ಅವನು ಹೊಸ ಬೆಲೆಗೇ ಕೊಂಡ. ಆ ಕೆಲಸದಲ್ಲಿ ನಾನು ಕಂಡ ಒಂದೇ ಗೆಲುವು ಇದು. ಅದಕ್ಕೇ ಇದರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಹೇಳಿ ಹೇಳಿ ಅದು ತೀರ ದುಂಡಗಾಗಿದೆ.

ಸಂಯೋಜಕರು ಬಂದು ನನ್ನ ಹಲಗೆ ನೋಡಿದರು. ಗದರಲಿಲ್ಲ. ಸಂಕಟದಿಂದಲೇ ಹೇಳಿದರು: "ಸಮಿತಿಯವರು ನಿಮ್ಮ ಹಲಗೆ ನೋಡಲ್ಲ ಮೇಡಂ. ಉತ್ತರ ಕೇಳ್ತಾರೆ. ಅವರಿಗೆ ಗೊತ್ತಿರೋ ಉತ್ತರ." ಪುಸ್ತಕದ ಕ್ರಮವನ್ನೂ ಹೇಳಿಕೊಡುತ್ತೇನೆ ಎಂದೆ.

ಹೇಳಿಕೊಟ್ಟೆನೇ? ಸಮಿತಿಯ ಹಿಂದಿನ ದಿನ ಕೇರಿಯಲ್ಲಿ ಕೂತು, ಅವರು ಲಾಭ ಎಂದು ಕೇಳಿದರೆ ಖರ್ಚು ಕಳೆದು ಉಳಿದದ್ದನ್ನು ಕೇಳುತ್ತಿದ್ದಾರೆಂದು ತಿಳಿಯಿರಿ, ಎಂದು ಅಧ್ಯಕ್ಷೆಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ತಲೆಯಾಡಿಸಿದ್ದೂ ನೆನಪಿದೆ. ನಾದಿನಿಯನ್ನು ಕೇಳಿದರೆ, ಅಂದು ನಾನು ಹೇಳಿದ್ದು ಹೆದರಬೇಡಿ ಎಂಬುದೊಂದೇ, ಉಳಿದದ್ದು ಬರೀ ಚಹಾ ಕುಡಿದದ್ದು ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಇಟ್ಟುಕೊಂಡರೂ ಮುಂದಿನದು ಬದಲಾಗುವುದಿಲ್ಲ.

ಸಮಿತಿ ಆ ಹೊಸ ಶೆಡ್ಡಿನಲ್ಲಿಯೇ ಸೇರಿತ್ತು. ಸಿಮೆಂಟಿನ ವಾಸನೆ ಇನ್ನೂ ಆರಿರಲಿಲ್ಲ. ಪಾಠ ಹೇಳಿದವರು ಹಿಂದೆ ಕೂರಬಹುದು, ಮಾತಾಡುವಂತಿಲ್ಲ. ಮೊದಲು ಸೊರಬದ ಗುಂಪು. ಯುವತಿ ಪಟಪಟನೆ ಹೇಳಿ ಮುಗಿಸಿದಳು. ಲಾಭ ಎಂದರೇನು ಎಂಬ ಪ್ರಶ್ನೆಗೆ, "ಮಾರಿದ್ದರಲ್ಲಿ ಎಲ್ಲಾ ಖರ್ಚು ಕಳೆದು ಉಳಿಯೋದು ಸಾರ್" ಎಂದಳು. ಸಮಿತಿಯವರು ಒಬ್ಬರನ್ನೊಬ್ಬರು ನೋಡಿ ತೃಪ್ತಿಯಿಂದ ಬರೆದುಕೊಂಡರು. ಆ ವಾಕ್ಯ ನನ್ನದು, ಅಕ್ಷರಕ್ಕೆ ಅಕ್ಷರ.

ಆಮೇಲೆ ಮೇದಾರ ಕೇರಿ. ಅಧ್ಯಕ್ಷೆ ಒಳಗೆ ಬಂದವರೇ ಹಜಾರದ ಉದ್ದವನ್ನು ಕಣ್ಣಲ್ಲೇ ಅಳೆದರು. ಒಂದು ಬಿದಿರು ಪೂರ್ತಿ ಮಲಗುತ್ತದೆಯೇ ಎಂದು. ಮಲಗುತ್ತಿತ್ತು. ಅವರ ಮುಖ ಬೆಳಗಿತು. ಪ್ರಶ್ನೆ ಕೇಳುತ್ತಿದ್ದವರು ಸಮಿತಿಯ ಹಿರಿಯರು, ಹಿಂದೆ ಬ್ಯಾಂಕಿನಲ್ಲಿದ್ದವರು, ಮೆತ್ತಗಿನ ದನಿಯ ಮನುಷ್ಯ. ಬಿದಿರು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಕಾಡಿನ ಬಿದಿರು ಹೂಬಿಟ್ಟು ಮೆಳೆ ಮೆಳೆಯೇ ಒಣಗಿದ್ದನ್ನು, ಈಗ ಡಿಪೋದಲ್ಲಿ ಸಿಕ್ಕಾಗಲೇ ತಂದಿಡಬೇಕಾದ್ದನ್ನು, ತಂದಿಡಲು ಜಾಗವಿಲ್ಲದ್ದನ್ನು ಅವರು ಒಂದೊಂದಾಗಿ ಹೇಳಿದರು. ಪ್ಲಾಸ್ಟಿಕ್ ಮೊರ ಬಂದಿದೆಯಲ್ಲ ಎಂದದ್ದಕ್ಕೆ, ಗೌರಿಗೆ ಪ್ಲಾಸ್ಟಿಕ್ ನಡೆಯುವುದಿಲ್ಲ ಎಂದರು. ಚೆನ್ನಾಗಿ ಹೋಗುತ್ತಿತ್ತು.

"ಒಂದು ಜೊತೆ ಮೊರಕ್ಕೆ ಲಾಭ ಎಷ್ಟು ಬರುತ್ತಮ್ಮ?"

"ಲಾಭ ಜೊತೀಗೆ ಬರಂಗಿಲ್ರಿ. ಹೊರೀಗೆ ಒಂದು."

"ಒಂದು ಅಂದರೆ? ಒಂದು ರೂಪಾಯಿಯಾ?"

"ಒಂದು ಮೊರ ರೀ."

"ಸರಿ. ಅದನ್ನ ಮಾರಿದರೆ ಎಷ್ಟು?"

"ಅದನ್ನ ಮಾರಂಗಿಲ್ರಿ. ಮೊದ್ಲ ತೆಗೆದಿಡ್ತೀವಿ. ಮಾರೋದು ಆಮ್ಯಾಲ."

ಹಿರಿಯರು ಪೆನ್ನು ಕೆಳಗಿಟ್ಟರು. "ಅಂದರೆ ಮಾರೋದಕ್ಕೆ ಮುಂಚೆನೇ ಲಾಭ ಬಂದುಬಿಡುತ್ತೆ."

"ಹೂನ್ರಿ," ಎಂದರು ಅಧ್ಯಕ್ಷೆ. ಹೆಮ್ಮೆಯಿಂದಲೇ ಎಂದರು.

ಸಮಿತಿಯಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ. ಮಕ್ಕಳು ಏನೋ ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಅಂಥದ್ದು. ಅಧ್ಯಕ್ಷೆಯೂ ಅವರ ಜೊತೆ ನಕ್ಕರು, ನಾವಿಬ್ಬರು ಮೊದಲ ದಿನ ನಕ್ಕ ಹಾಗೆ. ಆಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳದಿದ್ದಾಗ ತಿರುಗಿ ನನ್ನನ್ನು ನೋಡಿದರು. ಹಲಗೆ ಇದ್ದಿದ್ದರೆ ಎದ್ದು ಹೋಗಿ ತೋರಿಸುತ್ತಿದ್ದರೇನೋ. ಮಾತಾಡುವಂತಿಲ್ಲ ಎಂಬ ನಿಯಮ ಇತ್ತು. ನಾನು ಎದ್ದು ನಿಂತೆ. ಹಿರಿಯರು ಕೈ ಸನ್ನೆ ಮಾಡಿ ಕೂರಿಸಿದರು.

ಶೆಡ್ಡು ಸೊರಬದವರಿಗೆ ಹೋಯಿತು. ಅವರಿಗೆ ಸಿಕ್ಕಬಾರದಿತ್ತು ಎಂದು ಹೇಳಲಾರೆ. ಒಂದು ಮೂಲೆಯನ್ನು ಮೇದಾರರಿಗೆ ಬಿಡಬಹುದೇ ಎಂದು ಆ ಯುವತಿ ತಾನಾಗಿ ಕೇಳಿದಳು. ಬೇರೆ ಗುಂಪಿಗೆ ಜಾಗ ಬಿಡುವಂತಿಲ್ಲ ಎಂದು ಕರಾರಿನಲ್ಲಿತ್ತು. ಸಂಯೋಜಕರು ನನ್ನನ್ನು ಸಮಾಧಾನ ಮಾಡಲು ನೋಡಿದರು. ಗೆದ್ದವರೂ ನಿಮ್ಮವರೇ ಅಲ್ಲವೇ ಎಂದರು.

ವಿಷಯ ಹೇಳಲು ಕೇರಿಗೆ ನಾನೇ ಹೋದೆ. ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ನಾದಿನಿ ಕಣ್ಣೆತ್ತದೆ, "ಪಾಸಾದೋರಿಗೂ ನೀವ ಟೀಚರು, ಫೇಲಾದೋರಿಗೂ ನೀವ" ಎಂದರು. ಅಧ್ಯಕ್ಷೆ ಹಬ್ಬದ ಕೊನೆಯ ಮೊರಗಳಿಗೆ ಅಂಚು ಕಟ್ಟುತ್ತಿದ್ದರು. ಒಂದು ಗಂಟು ಬಿಗಿದು ಕೇಳಿದರು.

"ನಾ ಹೇಳಿದ್ದು ತಪ್ಪಾತೇನ್ರಿ?"

ಇಲ್ಲ ಎಂದೆ.

"ಸರಿ ಇದ್ರ ಮತ್ತ ಯಾಕ ಕೊಡ್ಲಿಲ್ಲ?"

ಅವರು ಕೆಲಸ ಮುಂದುವರಿಸಿದರು. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಹಬ್ಬವಾದ ಮೇಲೆ ಯಂತ್ರಗಳು ಬಂದವು. ಟಾರ್ಪಾಲು ಕಟ್ಟುತ್ತಿದ್ದ ಬೇವಿನ ಮರ ಹೋಯಿತು. ಕೆಂಪು ಗೆರೆಯವರೆಗೆ ಕಂದಕ ತೋಡಿದರು. ಕೆಲವರು ಬಸ್ ನಿಲ್ದಾಣದ ಹಿಂದೆ ಕೂತು ನೋಡಿದರು. ಅಲ್ಲಿಂದಲೂ ಎಬ್ಬಿಸಿದರು. ಇದನ್ನೆಲ್ಲ ನಾನು ಕಂಡಿಲ್ಲ. ನಾದಿನಿ ಫೋನಿನಲ್ಲಿ ಹೇಳಿದ್ದು.

ಶುಂಠಿ ಕೀಳುವ ಕಾಲದಲ್ಲಿ ಇನ್ನೊಂದು ತಂಡಕ್ಕೆ ಪಾಠ ಹೇಳಲು ಸೊರಬಕ್ಕೆ ಹೋಗುತ್ತಿದ್ದೆ. ಆನವಟ್ಟಿಗೆ ಮೊದಲು ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದ ಹೊಲದಲ್ಲಿ ಶುಂಠಿ ತೊಳೆದು ಮೂಟೆ ಕಟ್ಟಿ ಲಾರಿಗೆ ಹಾಕುತ್ತಿದ್ದರು. ಲಾರಿಯ ಹಿಂದೆ ನಿಂತು ಮೂಟೆ ಎಣಿಸುತ್ತಿದ್ದ ಹೆಂಗಸನ್ನು ದನಿಯಿಂದ ಗುರುತಿಸಿದೆ. ಎಣಿಕೆ ತಪ್ಪದವರೆಂದು ಅವರನ್ನು ಅಲ್ಲಿ ನಿಲ್ಲಿಸಿದ್ದರು.

ಹತ್ತಿರ ಹೋದಾಗ ಒಂದು ಲಾರಿ ತುಂಬಿ ಹೊರಟಿತು. ಇನ್ನೊಂದು ಹಿಂದಕ್ಕೆ ಬಂದು ನಿಂತಿತು. ಹಮಾಲಿಗಳು ಹೊಸದಾಗಿ ಶುರುಮಾಡಿದರು.

"ಒಂದು," ಎಂದರು ಅಧ್ಯಕ್ಷೆ. "ಎರಡು. ಮೂರು."

ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಕಾಲಿಗೆ ಕೆಸರು ಮೆತ್ತಿತ್ತು. ಚೆನ್ನಾಗಿದ್ದೀರಾ ಎಂದು ನನ್ನನ್ನೇ ಕೇಳಿದರು. ನಾನು ಬೇರೇನೋ ಕೇಳಬೇಕಿತ್ತು. ಬಾಯಿಗೆ ಬಂದದ್ದು ಇದು: ಮೊದಲನೆಯದಕ್ಕೆ ನೀವು ಲಾಭ ಅನ್ನಲಿಲ್ಲವಲ್ಲ.

"ಇದು ನಮ್ಮ ಮಾಲಲ್ಲಲ್ರಿ," ಎಂದರು.

ಅಂದು ಸಮಿತಿಯವರು ನಕ್ಕದ್ದರಿಂದ ಆ ಪದ ಬಿಟ್ಟರೋ, ನಿಜಕ್ಕೂ ಪದ್ಧತಿಯೇ ಹಾಗೋ, ಕೇಳುವಷ್ಟು ಹೊತ್ತಿರಲಿಲ್ಲ. ನಾವು ಮಾತಾಡುವಾಗ ಹಮಾಲಿಗಳು ಕೆಲವು ಮೂಟೆ ಎತ್ತಿ ಹಾಕಿಬಿಟ್ಟಿದ್ದರು. ಎಷ್ಟಾಯಿತು ಎಂದು ಲಾರಿಯವನು ಮೇಲಿನಿಂದ ಕೂಗಿದ. ಅವರಿಗೆ ಹೇಳಲಾಗಲಿಲ್ಲ. ಅವನು ಗೊಣಗಿ, ಹಾಕಿದ್ದನ್ನೆಲ್ಲ ಮತ್ತೆ ಕೆಳಗಿಳಿಸಲು ಹೇಳಿದ. ಅವರು ನನಗೆ ಬೆನ್ನು ತಿರುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಬಾಯಿಯ ಹತ್ತಿರ ಹೋಗಿ ನಿಂತರು.

"ಒಂದು," ಎಂದರು.